ಎಂಜಿನ್ ಬಿಚ್ಚಿ ಕಟ್ಟಿದ ಮೇಲೆ ಸೆಲ್ಫ್ ತಿರುಗುತ್ತದೆ, ಗಾಡಿ ಸ್ಟಾರ್ಟ್ ಆಗುವುದಿಲ್ಲ: ನಾನು ಹುಡುಕುವ ಕ್ರಮ

ಹೆಡ್ ಗ್ಯಾಸ್ಕೆಟ್, ಟೈಮಿಂಗ್ ಬೆಲ್ಟ್, ವಾಲ್ವ್ ಗ್ರೈಂಡಿಂಗ್, ಕ್ಲಚ್. ಇಂಥ ಕೆಲಸಕ್ಕೆ ತಾನೇ ಓಡಿಕೊಂಡು ಬಂದ ಗಾಡಿ, ಎಲ್ಲ ಕಟ್ಟಿ ಮುಗಿಸಿ ಸೆಲ್ಫ್ ಹೊಡೆದಾಗ ಬರೀ ತಿರುಗುತ್ತದೆ, ಹಿಡಿಯುವುದಿಲ್ಲ. ಬರುವಾಗ ಓಡುತ್ತಿತ್ತು ಅಂದರೆ ಇಸಿಎಂ (ಎಂಜಿನ್ನಿನ ಕಂಪ್ಯೂಟರ್), ಪೆಟ್ರೋಲ್ ಪಂಪು, ಇಂಜೆಕ್ಟರುಗಳು ಆಗ ಚೆನ್ನಾಗಿಯೇ ಇದ್ದವು. ದೋಷವನ್ನು ಮೊದಲು ಹುಡುಕಬೇಕಾದ್ದು ಕೈ ಹೋದ ಜಾಗದಲ್ಲಿ. ಆದ್ದರಿಂದ ಹೊಸ ಪಾರ್ಟು ತರಿಸುವ ಮೊದಲು ನಾನು ಮಾಡುವುದು ಇಷ್ಟು: ಈ ಕೆಲಸದಲ್ಲಿ ಏನೇನು ಬಿಚ್ಚಿದೆವು ಎಂದು ಒಂದು ಹಾಳೆಯಲ್ಲಿ ಬರೆದು, ಒಂದೊಂದನ್ನೂ ಕೈಯಿಂದ ಮುಟ್ಟಿ ನೋಡುವುದು. ಕಪ್ಲರ್ (ವೈರು ಜೋಡಿಸುವ ಪ್ಲಾಸ್ಟಿಕ್ ಕನೆಕ್ಟರ್), ಅರ್ತ್ ವೈರು, ಹೋಸು, ಫ್ಯೂಸು, ಎಲ್ಲವನ್ನೂ. (ಬೆಲ್ಟ್ ತುಂಡಾಗಿ ಎಳೆದುಕೊಂಡು ಬಂದ ಗಾಡಿಯಾದರೆ ಲೆಕ್ಕ ಬೇರೆ. ಅಲ್ಲಿ ಬಾಗಿದ ವಾಲ್ವನ್ನು ಮೊದಲೇ ಶಂಕಿಸಬೇಕು.)

ಇನ್ನೊಂದು ಮಾತು ಕೂಡಲೇ ಹೇಳಬೇಕು: ಸೆಲ್ಫ್ ಹೊಡೆಯುತ್ತಲೇ ಇರಬೇಡಿ. ಒಂದು ಸಲಕ್ಕೆ 10 ಸೆಕೆಂಡಿಗಿಂತ ಹೆಚ್ಚು ಬೇಡ, ನಡುವೆ ಒಂದು ನಿಮಿಷವಾದರೂ ಬಿಡುವು ಕೊಡಿ. ಸೆಲ್ಫ್ ಮೋಟರ್ ಸುಡುವುದು ಒಂದು ಕಾರಣ. ಅದಕ್ಕಿಂತ ದೊಡ್ಡದು, ಉರಿಯದ ಪೆಟ್ರೋಲ್ ಬೋರಿನ (ಪಿಸ್ಟನ್ ಓಡಾಡುವ ಸಿಲಿಂಡರಿನ) ಗೋಡೆಯ ಆಯಿಲನ್ನು ತೊಳೆದುಬಿಡುತ್ತದೆ. ಪಿಸ್ಟನ್ ರಿಂಗುಗಳ ಸೀಲು ಹೋಗಿ ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗೆ ಗಾಳಿ ಒತ್ತಿಕೊಳ್ಳುವ ಒತ್ತಡ, ಬೀಳುತ್ತದೆ. ಒಂದು ಸಣ್ಣ ಕಪ್ಲರ್ ದೋಷ ಹೀಗೆ ಎರಡು ದೋಷವಾಗುತ್ತದೆ.

ಮೊದಲು ಕಿವಿಗೆ ಕೆಲಸ ಕೊಡಿ. ಸರಿಯಾಗಿರುವ ಎಂಜಿನ್ ಸೆಲ್ಫ್‌ನಲ್ಲಿ ಒಂದೇ ಲಯದಲ್ಲಿ ಏರಿಳಿಯುತ್ತಾ ತಿರುಗುತ್ತದೆ, ಪ್ರತಿ ಕಂಪ್ರೆಷನ್ನಿಗೂ ಒಂದು ತಡೆ ಕೇಳಿಸುತ್ತದೆ. ತಡೆಯೇ ಇಲ್ಲದೆ ಬುರ್ರನೆ ಹಗುರವಾಗಿ ತಿರುಗಿದರೆ ಯಾವ ಸಿಲಿಂಡರಿನಲ್ಲೂ ಕಂಪ್ರೆಷನ್ ಇಲ್ಲ. ಆಗ ಕರೆಂಟು, ಪೆಟ್ರೋಲ್ ಎಂದು ಅಲೆಯದೆ ನೇರವಾಗಿ ಟೈಮಿಂಗ್ ಕವರ್ ಬಿಚ್ಚಬಹುದು. ಲಯ ತಪ್ಪಿ ನಡುವೆ ಒಂದು ಕಡೆ ಮಾತ್ರ ಬೇಗ ಓಡಿದರೆ ಒಂದು ಸಿಲಿಂಡರ್ ಕೆಟ್ಟಿದೆ. ನಿಧಾನವಾಗಿ ಎಳೆದಾಡುತ್ತಿದ್ದರೆ ಬ್ಯಾಟರಿ ಇಲ್ಲವೇ ಅರ್ತ್.

ಅರ್ತ್ ಬಗ್ಗೆ ಸ್ವಲ್ಪ ನಿಲ್ಲಬೇಕು. ಗೇರ್‌ಬಾಕ್ಸ್ ಇಳಿಸಿದ ಗಾಡಿಯಲ್ಲಿ ಬಾಡಿಯಿಂದ ಗೇರ್‌ಬಾಕ್ಸಿಗೆ ಬರುವ ಹೆಣೆದ ಪಟ್ಟಿ, ಹೆಡ್ ಇಳಿಸಿದ ಗಾಡಿಯಲ್ಲಿ ಇನ್‌ಟೇಕ್ ಮ್ಯಾನಿಫೋಲ್ಡಿಗೆ ಬೋಲ್ಟ್ ಆಗುವ ಇಸಿಎಂ ಅರ್ತ್, ಇವೆರಡೂ ಮರೆತುಹೋಗುವ ವಸ್ತುಗಳು. ಮ್ಯಾನಿಫೋಲ್ಡಿನ ಅರ್ತ್ ಬಿಟ್ಟರೆ ಸೆಲ್ಫ್ ಚೆನ್ನಾಗಿಯೇ ತಿರುಗುತ್ತದೆ, ಆದರೆ ಕಿಡಿ, ಇಂಜೆಕ್ಟರ್ ಎರಡೂ ಕೆಲಸ ಮಾಡದೇ ಹೋಗಬಹುದು. ಮಲ್ಟಿಮೀಟರಿನ ಒಂದು ಕಡ್ಡಿ ಬ್ಯಾಟರಿ ನೆಗೆಟಿವ್ ಕಂಬಕ್ಕೆ, ಇನ್ನೊಂದು ಎಂಜಿನ್ ಬ್ಲಾಕಿಗೆ ಒತ್ತಿ ಸೆಲ್ಫ್ ಹೊಡೆಸಿ. 0.3 ವೋಲ್ಟಿನೊಳಗೆ ಇದ್ದರೆ ಸರಿ, 0.5 ದಾಟಿದರೆ ಅರ್ತ್ ಸರಿಯಿಲ್ಲ. ಬ್ಯಾಟರಿ ಸುಮ್ಮನಿರುವಾಗ 12.6 ವೋಲ್ಟ್ ತೋರಿಸಬೇಕು, ಸೆಲ್ಫ್ ತಿರುಗುವಾಗ 9.6ಕ್ಕಿಂತ ಕೆಳಗಿಳಿಯಬಾರದು.

ಮುಂದೆ ಸ್ಕ್ಯಾನರ್. ಕೋಡ್ ನೋಡುವುದಕ್ಕಿಂತ ಮೊದಲು ನಾನು ಲೈವ್ ಡೇಟಾದಲ್ಲಿ ಎಂಜಿನ್ ಆರ್‌ಪಿಎಂ ನೋಡುತ್ತೇನೆ. ಸೆಲ್ಫ್ ತಿರುಗುವಾಗ ಅಲ್ಲಿ 200–250ರ ಸುತ್ತ ಬರಬೇಕು. ಸೊನ್ನೆಯಲ್ಲೇ ನಿಂತಿದ್ದರೆ ಎಂಜಿನ್ ತಿರುಗುವುದನ್ನು ಓದುವ ಕ್ರ್ಯಾಂಕ್ ಸೆನ್ಸರಿನ ಸುದ್ದಿ ಇಸಿಎಂಗೆ ಮುಟ್ಟುತ್ತಿಲ್ಲ, ಹಾಗಾಗಿ ಅದು ಕಿಡಿಯನ್ನೂ ಕೊಡುವುದಿಲ್ಲ, ಪೆಟ್ರೋಲನ್ನೂ ಕೊಡುವುದಿಲ್ಲ. ಕಪ್ಲರ್ ಹಾಕಿಲ್ಲ, ಅರ್ಧ ಕೂತಿದೆ, ವೈರ್ ಗೇರ್‌ಬಾಕ್ಸ್ ಮತ್ತು ಬ್ಲಾಕ್ ನಡುವೆ ಸಿಕ್ಕಿ ಜಜ್ಜಿದೆ, ಸೆನ್ಸರಿನ ತುದಿಗೆ ಲೋಹದ ಪುಡಿ ಅಂಟಿದೆ, ಇವೇ ಸಾಮಾನ್ಯ ಕಾರಣಗಳು. ಸೆನ್ಸರ್ ಫ್ಲೈವೀಲಿನ ಹಲ್ಲನ್ನು ಓದುವ ಗಾಡಿಯಲ್ಲಿ ಕ್ಲಚ್ ಕೆಲಸ ಆಗಿದ್ದರೆ, ಸ್ಕ್ರೂ ಡ್ರೈವರ್ ಇಟ್ಟು ಫ್ಲೈವೀಲ್ ತಡೆದಾಗ ಓದುವ ಹಲ್ಲು ಬಾಗಿರಬಹುದು. ಕೆಲವು ಎಂಜಿನ್‌ಗಳಲ್ಲಿ ಕ್ಯಾಮ್ (ವಾಲ್ವ್ ತೆರೆಯುವ ಶಾಫ್ಟ್) ಸೆನ್ಸರ್ ಮತ್ತು ಕ್ರ್ಯಾಂಕ್ ಸೆನ್ಸರ್ ಕಪ್ಲರುಗಳು ಒಂದೇ ಆಕಾರದವು, ಅದಲುಬದಲಾಗಿ ಕೂತುಬಿಡುತ್ತವೆ.

ಅದೇ ಪರದೆಯಲ್ಲಿ ಕೂಲಂಟ್ ತಾಪ ನೋಡಿ. ತಣ್ಣಗಿರುವ ಎಂಜಿನ್ನಿನಲ್ಲಿ ಅದು ಹೊರಗಿನ ಹವೆಯ ತಾಪದಷ್ಟೇ ಇರಬೇಕು. ಮೈನಸ್ 40 ತೋರಿಸಿದರೆ ಸೆನ್ಸರ್ ಕಪ್ಲರ್ ಬಿಟ್ಟಿದೆ ಎಂದೇ ಅರ್ಥ. ಕೆಲವು ಇಸಿಎಂಗಳು ಅದನ್ನು ನಂಬಿ ಮಿತಿಮೀರಿ ಪೆಟ್ರೋಲ್ ಸುರಿಯುತ್ತವೆ, ಪ್ಲಗ್ ನೆನೆದುಹೋಗುತ್ತದೆ. ಮೀಟರಿನಲ್ಲಿ ಕೀ ಗುರುತಿನ ದೀಪ ಮಿನುಗುತ್ತಿದ್ದರೆ ಕಳ್ಳತನ ತಡೆಯುವ ಇಮ್ಮೊಬಿಲೈಸರ್ ಕೀಯನ್ನು ಗುರುತಿಸುತ್ತಿಲ್ಲ; ಎಂಜಿನ್ ಕೆಲಸಕ್ಕೂ ಅದಕ್ಕೂ ಸಂಬಂಧವಿರಬೇಕಿಲ್ಲ, ಇನ್ನೊಂದು ಕೀ ಹಾಕಿ ನೋಡಿ.

ಕಿಡಿ ನೋಡಲು ಪ್ಲಗ್ಗನ್ನು ಬ್ಲಾಕಿಗೆ ತಾಗಿಸಿ ಹಿಡಿಯುವುದಕ್ಕಿಂತ ಸ್ಪಾರ್ಕ್ ಟೆಸ್ಟರ್ ಒಳ್ಳೆಯದು. ಹೊರಗಿನ ಗಾಳಿಯಲ್ಲಿ ಸಣ್ಣ ಗ್ಯಾಪ್ ಹಾರುವ ದುರ್ಬಲ ಕಿಡಿ ಕಂಪ್ರೆಷನ್ನಿನ ಒಳಗೆ ಹಾರದು. ಕಿಡಿ ಇದೆ, ಆದರೆ ಇನ್‌ಟೇಕಿನಲ್ಲಿ ಢಬ್ ಎಂದು ಹಿಂದಕ್ಕೆ ಹೊಡೆಯುತ್ತಿದೆ ಎಂದಾದರೆ ಪ್ಲಗ್ ವೈರುಗಳ ಕ್ರಮ ನೋಡಿ. ಹೆಚ್ಚಿನ ನಾಲ್ಕು ಸಿಲಿಂಡರ್ ಗಾಡಿಗಳಲ್ಲಿ ಫೈರಿಂಗ್ ಕ್ರಮ 1-3-4-2. ಡಿಸ್ಟ್ರಿಬ್ಯೂಟರ್ ಇರುವ ಹಳೆಯ ಎಂಜಿನ್‌ಗಳಲ್ಲಿ ರೋಟರ್ ಪೂರ್ತಿ 180 ಡಿಗ್ರಿ ತಪ್ಪಿ ಕೂತಿರುವುದೂ ಉಂಟು. ಇಲ್ಲೊಂದು ತೊಡಕಿದೆ: ಟೈಮಿಂಗ್ ಗುರುತು ಕೂಡಿದ ಮಾತ್ರಕ್ಕೆ ಒಂದನೇ ಸಿಲಿಂಡರಿಗೆ ಬೆಂಕಿ ಬೀಳುವ ಸಮಯ ಎಂದುಕೊಳ್ಳಬೇಡಿ. ಕೆಲವು ಎಂಜಿನ್‌ಗಳಲ್ಲಿ ಆಗ ಕಂಪ್ರೆಷನ್ ಮುಗಿಸಿ ನಿಂತಿರುವುದು ನಾಲ್ಕನೆಯದು. ಒಂದನೇ ಪ್ಲಗ್ ತೆಗೆದು ತೂತಿಗೆ ಬೆರಳಿಟ್ಟು ಎಂಜಿನ್ನನ್ನು ಸ್ಪಾನರ್‌ನಲ್ಲಿ ತಿರುಗಿಸಿ, ಗಾಳಿ ಬೆರಳನ್ನು ತಳ್ಳಿದ ಮೇಲೆ ಬರುವ ಟಾಪ್ (ಪಿಸ್ಟನ್ ಪೂರ್ತಿ ಮೇಲೇರಿ ನಿಲ್ಲುವ ಜಾಗ) ಮಾತ್ರ ಅದರ ಕಂಪ್ರೆಷನ್ ಟಾಪ್.

ಪೆಟ್ರೋಲ್ ಕಡೆ ಬಂದರೆ, ಕೆಲಸ ಶುರು ಮಾಡುವಾಗ ಲೈನಿನ ಪ್ರೆಷರ್ ಇಳಿಸಲು ಪಂಪಿನ ಫ್ಯೂಸ್ ಅಥವಾ ರಿಲೇ ತೆಗೆದಿಟ್ಟಿರುತ್ತಾರೆ. ಮೊದಲು ಅದು ವಾಪಸ್ ಕೂತಿದೆಯೇ ನೋಡಿ. ಕೀ ಆನ್ ಮಾಡಿದೊಡನೆ ಹಿಂದಿನ ಸೀಟಿನ ಕೆಳಗೆ ಎರಡು ಮೂರು ಸೆಕೆಂಡ್ ಪಂಪಿನ ಸದ್ದು ಕೇಳಬೇಕು. ಫ್ಯೂಯೆಲ್ ರೈಲ್ ಬಿಚ್ಚಿದ್ದರೆ ಅದರಲ್ಲಿ ಗಾಳಿ ತುಂಬಿರುತ್ತದೆ. ಸೆಲ್ಫ್ ಹೊಡೆಯದೆ ನಾಲ್ಕೈದು ಸಲ ಕೀ ಆನ್-ಆಫ್ ಮಾಡಿದರೆ ಪ್ರೆಷರ್ ತುಂಬಿಕೊಳ್ಳುತ್ತದೆ. ರಿಟರ್ನ್ ಲೈನ್ ಇಲ್ಲದ ಗಾಡಿಗಳಲ್ಲಿ ಗೇಜ್ ಸಾಮಾನ್ಯವಾಗಿ 3ರಿಂದ 4 ಬಾರ್ ತೋರಿಸುತ್ತದೆ. ಇಂಜೆಕ್ಟರ್ ಕಪ್ಲರಿಗೆ ನಾಯ್ಡ್ ಲೈಟ್ (ಇಂಜೆಕ್ಟರಿಗೆ ಬರುವ ಸಿಗ್ನಲ್ ತೋರಿಸುವ ಸಣ್ಣ ದೀಪ) ಸಿಕ್ಕಿಸಿ ಸೆಲ್ಫ್ ಹೊಡೆದರೆ ಮಿನುಗಬೇಕು. ಮಿನುಗದೆ ಇದ್ದರೆ ಕಪ್ಲರಿನ ಒಂದು ಪಿನ್ನಿನಲ್ಲಿ 12 ವೋಲ್ಟ್ ಇದೆಯೇ ನೋಡಿ. 12 ಬಂದೂ ಮಿನುಗದಿದ್ದರೆ ಇಸಿಎಂ ಅರ್ತ್ ಕೊಡುತ್ತಿಲ್ಲ, ಮತ್ತೆ ಕ್ರ್ಯಾಂಕ್ ಸೆನ್ಸರಿಗೆ ಹೋಗಬೇಕು.

ಪ್ಲಗ್ಗುಗಳು ಒದ್ದೆಯಾಗಿ ಪೆಟ್ರೋಲ್ ವಾಸನೆ ಹೊಡೆಯುತ್ತಿದ್ದರೆ ಪೆಟ್ರೋಲ್ ಹುಡುಕುವ ಅಗತ್ಯವೇ ಇಲ್ಲ. ಒಣಗಿಸಿ ಹಾಕಿ, ಆಕ್ಸಿಲರೇಟರ್ ಪೂರ್ತಿ ತುಳಿದು ಸೆಲ್ಫ್ ಹೊಡೆಯಿರಿ. ಬಹಳಷ್ಟು ಎಂಪಿಎಫ್‌ಐ (ಪ್ರತಿ ಸಿಲಿಂಡರಿಗೂ ಇಂಜೆಕ್ಟರ್ ಇರುವ) ಗಾಡಿಗಳಲ್ಲಿ ಆಗ ಇಸಿಎಂ ಇಂಜೆಕ್ಟರ್ ನಿಲ್ಲಿಸಿ ಒಳಗಿನ ತೇವ ಹೊರಹೋಗಲು ಬಿಡುತ್ತದೆ.

ಕಿಡಿ ಇದೆ, ಪೆಟ್ರೋಲ್ ಇದೆ, ಆದರೂ ಹಿಡಿಯುವುದಿಲ್ಲ ಎಂದರೆ ಕಂಪ್ರೆಷನ್ ಗೇಜ್. ಹೆಡ್ ಕೆಲಸದ ಗಾಡಿಯಲ್ಲಿ ನಾನು ಇದನ್ನು ಯಾವತ್ತೂ ಬಿಡುವುದಿಲ್ಲ. ಎಲ್ಲ ಪ್ಲಗ್ ತೆಗೆಯಿರಿ, ಇಂಜೆಕ್ಟರ್ ಮತ್ತು ಕಾಯಿಲ್ ಕಪ್ಲರ್ ಕಳಚಿ, ಥ್ರಾಟಲ್ ಪೂರ್ತಿ ತೆರೆದಿಡಿ. ಥ್ರಾಟಲ್ ಮುಚ್ಚಿಕೊಂಡು ಅಳೆದರೆ ಒಳ್ಳೆಯ ಎಂಜಿನ್ನೂ ಕಡಿಮೆ ತೋರಿಸುತ್ತದೆ. ಒಂದೊಂದು ಸಿಲಿಂಡರಿಗೆ ಐದಾರು ಕಂಪ್ರೆಷನ್ ಬಡಿತ ಸಾಕು. ಚದರ ಸೆಂಟಿಮೀಟರಿಗೆ 10ರಿಂದ 13 ಕೆಜಿ, ಅಂದರೆ ಸುಮಾರು 140ರಿಂದ 185 ಪಿಎಸ್‌ಐ, ಸಿಲಿಂಡರುಗಳ ನಡುವೆ ವ್ಯತ್ಯಾಸ 1 ಕೆಜಿಯೊಳಗೆ ಇದ್ದರೆ ನೆಮ್ಮದಿ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿರುವ ಬೆಂಗಳೂರಿನಲ್ಲಿ ಗಾಳಿಯ ಒತ್ತಡವೇ ಮಂಗಳೂರಿಗಿಂತ ಶೇಕಡಾ 10ರಷ್ಟು ಕಡಿಮೆ. ಅದೇ ಎಂಜಿನ್ ಇಲ್ಲಿ ಅಷ್ಟು ಕಡಿಮೆ ತೋರಿಸಿದರೆ ಗಾಬರಿ ಬೇಡ.

ಗೇಜ್ ಹೇಳುವುದನ್ನು ಹೀಗೆ ಓದುತ್ತೇನೆ. ಅಕ್ಕಪಕ್ಕದ ಎರಡು ಸಿಲಿಂಡರ್ ಮಾತ್ರ ಬಿದ್ದಿದ್ದರೆ ನಡುವೆ ಗ್ಯಾಸ್ಕೆಟ್ ಸೋರುತ್ತಿದೆ. ಒಂದೇ ಸೊನ್ನೆಯಾದರೆ ವಾಲ್ವ್. ನಾಲ್ಕೂ ಒಂದೇ ಸಮ 4–5 ಕೆಜಿಗೆ ಬಿದ್ದಿದ್ದರೆ ಟೈಮಿಂಗ್, ಇಲ್ಲವೇ ಪೆಟ್ರೋಲ್ ತೊಳೆದ ಬೋರು. ಇವೆರಡನ್ನು ಬೇರ್ಪಡಿಸಲು ಪ್ರತಿ ಪ್ಲಗ್ ತೂತಿಗೆ ಒಂದು ಟೀ ಚಮಚ, ಸುಮಾರು 5 ಮಿಲಿ, ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಎದ್ದು ಬಂದರೆ ಬೋರು ತೊಳೆದಿತ್ತು, ಹಲವು ಸಲ ಗಾಡಿ ಅಷ್ಟಕ್ಕೇ ಹೊಗೆ ಉಗುಳುತ್ತಾ ಸ್ಟಾರ್ಟ್ ಆಗುತ್ತದೆ. ಏಳದಿದ್ದರೆ ಟೈಮಿಂಗ್ ಕವರ್ ಬಿಚ್ಚಿ.

ಕ್ಯಾಮ್ ತಡವಾಗಿದ್ದರೆ ಪಿಸ್ಟನ್ ಮೇಲೇರಲು ಶುರುವಾದ ಮೇಲೂ ಇನ್‌ಟೇಕ್ ವಾಲ್ವ್ ತೆರೆದೇ ಇರುತ್ತದೆ, ಎಳೆದುಕೊಂಡ ಗಾಳಿ ಬಂದ ದಾರಿಯಲ್ಲೇ ಹೊರಗೆ ಹೋಗುತ್ತದೆ, ಕಂಪ್ರೆಷನ್ ಬೀಳುತ್ತದೆ. ಮುಂದಾಗಿದ್ದರೆ ಹಾಗಲ್ಲ: ವಾಲ್ವ್ ಬೇಗ ಮುಚ್ಚುವುದರಿಂದ ಗೇಜ್ ಸರಿಯಾಗಿಯೇ ತೋರಿಸಬಹುದು. ಆದ್ದರಿಂದ ಗೇಜ್ ಚೆನ್ನಾಗಿದೆ ಎಂದು ಟೈಮಿಂಗಿಗೆ ಪಾಸ್ ಕೊಡಬೇಡಿ. ಕ್ರ್ಯಾಂಕ್ ಪುಲ್ಲಿಗೆ 20 ಹಲ್ಲಿದ್ದರೆ ಒಂದು ಹಲ್ಲು ತಪ್ಪಿದರೂ ಕ್ರ್ಯಾಂಕಿನಲ್ಲಿ 18 ಡಿಗ್ರಿ. ಒಂದು ಹಲ್ಲಿಗೆ ಗಾಡಿ ಒರಟಾಗಿಯಾದರೂ ಸ್ಟಾರ್ಟ್ ಆಗಬಹುದು, ಎರಡು ಮೂರಕ್ಕೆ ಆಗುವುದು ಕಷ್ಟ. ಎರಡೂ ಸೆನ್ಸರ್ ಇರುವ ಗಾಡಿಗಳಲ್ಲಿ ಪಿ0016 ಕೋಡ್ ಬಂದರೆ ಕ್ಯಾಮ್ ಮತ್ತು ಕ್ರ್ಯಾಂಕ್ ಹೊಂದುತ್ತಿಲ್ಲ ಎಂದು ಇಸಿಎಂ ತಾನೇ ಹೇಳುತ್ತಿದೆ.

ಗುರುತುಗಳನ್ನು ಮ್ಯಾನ್ಯುಯಲ್ ನೋಡಿಯೇ ಕೂಡಿಸಿ. ಒಂದೇ ಪುಲ್ಲಿಯನ್ನು ಬೇರೆ ಬೇರೆ ಎಂಜಿನ್‌ಗಳಿಗೆ ಬಳಸುವುದರಿಂದ ಅದರ ಮೇಲೆ ಒಂದಕ್ಕಿಂತ ಹೆಚ್ಚು ಗುರುತು ಇರುತ್ತವೆ. ಜಿಪ್ಸಿ, ಎಸ್ಟೀಮ್‌ಗಳ ಎಂಟು ವಾಲ್ವಿನ ಜಿ13 ಎಂಜಿನ್ನಿನಲ್ಲಿ ಕ್ಯಾಮ್ ಪುಲ್ಲಿಯ ಇಂಗ್ಲಿಷಿನ ‘ಇ’ ಅಕ್ಷರದ ಗುರುತನ್ನು ‘ವಿ’ ಆಕಾರದ ಕಚ್ಚಿಗೆ, ಕ್ರ್ಯಾಂಕ್ ಪುಲ್ಲಿಯ ಚುಕ್ಕೆಯನ್ನು ಆಯಿಲ್ ಪಂಪಿನ ಮೇಲಿನ ಬಾಣಕ್ಕೆ ಕೂಡಿಸುತ್ತೇವೆ. ಹೊರಗಿನ ದೊಡ್ಡ ಪುಲ್ಲಿಯ ಗುರುತನ್ನು ನಂಬಿ ಬೆಲ್ಟ್ ಹಾಕಬಾರದು, ಒಳಗಿನ ಹಲ್ಲಿನ ಪುಲ್ಲಿಯದೇ ಲೆಕ್ಕ. ಬೆಲ್ಟಿನ ಟೆನ್ಶನರ್ ಇಲ್ಲದ ಬದಿ ಬಿಗಿಯಾಗಿರಬೇಕು. ಬಿಗಿ ಮಾಡಿದ ಮೇಲೆ ಕ್ರ್ಯಾಂಕನ್ನು ಸ್ಪಾನರ್‌ನಲ್ಲಿ ಎರಡು ಪೂರ್ತಿ ಸುತ್ತು ತಿರುಗಿಸಿ ಗುರುತು ಮತ್ತೆ ನೋಡಿ. ನಡುವೆ ಗಟ್ಟಿಯಾಗಿ ತಡೆದರೆ ಬಲ ಹಾಕಬೇಡಿ, ವಾಲ್ವ್ ಪಿಸ್ಟನ್ನಿಗೆ ತಾಗುತ್ತಿದೆ. ಕ್ರ್ಯಾಂಕ್ ಬೋಲ್ಟ್ ಸರಿಯಾಗಿ ಟಾರ್ಕ್ ಆಗದೆ ಪುಲ್ಲಿಯನ್ನು ಕ್ರ್ಯಾಂಕಿಗೆ ಹಿಡಿದಿಡುವ ಕೀ ತುಂಡಾಗಿದ್ದರೆ ಗುರುತು ಸರಿಯಾಗಿ ಕಂಡೂ ಟೈಮಿಂಗ್ ತಪ್ಪಿರುತ್ತದೆ.

ಟೈಮಿಂಗ್ ಸರಿ, ಆಯಿಲ್ ಹಾಕಿದರೂ ಕಂಪ್ರೆಷನ್ ಇಲ್ಲ, ಇತ್ತೀಚೆಗೆ ವಾಲ್ವ್ ಗ್ರೈಂಡಿಂಗ್ ಆಗಿದೆ. ಇದು ಮೆಕ್ಯಾನಿಕ್‌ಗಳಿಗೆ ಹೆಚ್ಚು ತಲೆಬಿಸಿ ಕೊಡುವ ಸ್ಥಿತಿ. ಮಷಿನ್ ಶಾಪಿನಲ್ಲಿ ಸೀಟ್ ಕತ್ತರಿಸಿದಷ್ಟೂ ವಾಲ್ವ್ ಒಳಗೆ ಇಳಿಯುತ್ತದೆ, ಅದರ ಬಾಲ ಅಷ್ಟೇ ಮೇಲೇಳುತ್ತದೆ. 0.2 ಮಿಮೀ ಕತ್ತರಿಸಿದರೆ 0.2 ಮಿಮೀ ಟ್ಯಾಪೆಟ್ ಗ್ಯಾಪ್ (ಕ್ಯಾಮ್ ಮತ್ತು ವಾಲ್ವ್ ನಡುವಿನ ಸಂದು) ಹೋಯಿತು, ಇದ್ದದ್ದೇ ಸುಮಾರು ಅಷ್ಟು. ಆ ಗ್ಯಾಪ್ ಹೊಂದಿಸುವ ಹಳೆಯ ಶಿಮ್ (ತೆಳು ಬಿಲ್ಲೆ) ಹಾಗೇ ಕೂರಿಸಿದರೆ ಕ್ಯಾಮ್ ವಾಲ್ವನ್ನು ಪೂರ್ತಿ ಮುಚ್ಚಲು ಬಿಡುವುದಿಲ್ಲ. ಫೀಲರ್ ಗೇಜ್ ಹಾಕಿ ಪ್ರತಿ ವಾಲ್ವ್ ಅಳೆಯಲೇಬೇಕು. ಹೈಡ್ರಾಲಿಕ್ ಲಿಫ್ಟರ್ ಇದ್ದರೆ ಕ್ಯಾಮ್ ಕೂರಿಸಿದ ಮೇಲೆ ಅರ್ಧ ಗಂಟೆ ಬಿಟ್ಟು ಎಂಜಿನ್ ತಿರುಗಿಸಿ, ಉಬ್ಬಿದ ಲಿಫ್ಟರ್ ಇಳಿಯಲು ಹೊತ್ತು ಬೇಕು. ಎಲ್ಲಿ ಸೋರುತ್ತಿದೆ ಎಂದು ಖಚಿತಪಡಿಸಲು ಕಂಪ್ರೆಷನ್ ಟಾಪಿನಲ್ಲಿ ಪ್ಲಗ್ ತೂತಿನಿಂದ ಗಾಳಿ ಬಿಡಿ: ಥ್ರಾಟಲ್ ಬಾಡಿಯಲ್ಲಿ ಸುಸ್ ಎಂದರೆ ಇನ್‌ಟೇಕ್ ವಾಲ್ವ್, ಸೈಲೆನ್ಸರಿನಲ್ಲಿ ಎಕ್ಸಾಸ್ಟ್ ವಾಲ್ವ್, ಡಿಪ್‌ಸ್ಟಿಕ್ ತೂತಿನಲ್ಲಿ ರಿಂಗ್, ರೇಡಿಯೇಟರಿನಲ್ಲಿ ಗುಳ್ಳೆ ಬಂದರೆ ಗ್ಯಾಸ್ಕೆಟ್.

ಎಲ್ಲವೂ ಸರಿ ಇದ್ದರೆ ಇನ್‌ಟೇಕ್ ಪೋರ್ಟಿಗೆ ತುರುಕಿದ ಬಟ್ಟೆ ಒಳಗೇ ಉಳಿದಿದೆಯೇ, ಮ್ಯಾಪ್ (ಇನ್‌ಟೇಕ್ ಒತ್ತಡ ಅಳೆಯುವ) ಸೆನ್ಸರ್ ಹೋಸು ಮತ್ತು ಬ್ರೇಕ್ ಬೂಸ್ಟರ್ ಹೋಸು ಕೂತಿವೆಯೇ ನೋಡಿ.

ಡೀಸೆಲ್ ಗಾಡಿಯಲ್ಲಿ ಮೊದಲ ಶಂಕೆ ಲೈನಿನ ಗಾಳಿ. ಫಿಲ್ಟರಿನ ಹ್ಯಾಂಡ್ ಪಂಪ್ ಗಟ್ಟಿಯಾಗುವ ತನಕ ಒತ್ತಿ. ಹಳೆಯ ಮೆಕ್ಯಾನಿಕಲ್ ಪಂಪಿನ ಗಾಡಿಗಳಲ್ಲಿ ಇಂಜೆಕ್ಟರ್ ನಟ್ ಸಡಿಲಿಸಿ ಗಾಳಿ ತೆಗೆಯಬಹುದು. ಕಾಮನ್ ರೈಲ್ ಗಾಡಿಯಲ್ಲಿ ಅದನ್ನು ಎಂದೂ ಮಾಡಬೇಡಿ. ಅಲ್ಲಿನ ಒತ್ತಡದ ಡೀಸೆಲ್ ಚರ್ಮ ತೂರಿ ಒಳಹೋಗುತ್ತದೆ. ಸ್ಕ್ಯಾನರಿನಲ್ಲಿ ರೈಲ್ ಪ್ರೆಷರ್ ನೋಡಿ. ಸೆಲ್ಫ್‌ನಲ್ಲಿ ಅದು 200 ಬಾರಿನ ಆಸುಪಾಸಿಗೂ ಏರದಿದ್ದರೆ ಇಸಿಎಂ ಇಂಜೆಕ್ಟರ್ ತೆರೆಯುವುದಿಲ್ಲ.

ಗಾಡಿ ಹಿಡಿದ ಮೇಲೆ ಡಿಪ್‌ಸ್ಟಿಕ್ ಎಳೆದು ಮೂಸಿ. ಪೆಟ್ರೋಲ್ ವಾಸನೆ ಇದ್ದರೆ, ಮಟ್ಟ ಏರಿದ್ದರೆ, ಹೊಸದಾಗಿ ಹಾಕಿದ ಆಯಿಲ್ ಆದರೂ ಬದಲಾಯಿಸಿ. ತೆಳುವಾದ ಆಯಿಲಿನಲ್ಲಿ ಹೊಸ ಬೇರಿಂಗ್ ಓಡಿಸಬಾರದು. ಸೈಲೆನ್ಸರಿನಲ್ಲಿ ಸೇರಿದ ಪೆಟ್ರೋಲ್ ಕ್ಯಾಟಲಿಟಿಕ್ ಕನ್ವರ್ಟರನ್ನು ಕೆಂಪಗೆ ಕಾಯಿಸುತ್ತದೆ, ಆದ್ದರಿಂದ ಮೊದಲ ಕೆಲವು ನಿಮಿಷ ರೇಸ್ ಕೊಡದೆ ಐಡಲಿನಲ್ಲೇ ಬಿಡಿ.