ಪುಟ ಬಿಳಿ, ಲಾಗ್ ಖಾಲಿ: ಪಿಎಚ್‌ಪಿ ದೋಷ ಹುಡುಕುವ ನನ್ನ ಕ್ರಮ

ಕಾಸರಗೋಡು ಜಿಲ್ಲೆಯ ಕುಂಬಳೆ, ಬದಿಯಡ್ಕ, ಮಂಜೇಶ್ವರ ಕಡೆಯ ಶಾಲೆ, ದೇವಸ್ಥಾನ, ಯಕ್ಷಗಾನ ಸಂಘಗಳ ಜಾಲತಾಣಗಳನ್ನು ನೋಡಿಕೊಳ್ಳುವವರ ಕೈಯಲ್ಲಿ ಸಾಮಾನ್ಯವಾಗಿ ಇರುವುದು ಶೇರ್ಡ್ ಹೋಸ್ಟಿಂಗ್ (ಹಲವರು ಹಂಚಿಕೊಳ್ಳುವ ಸರ್ವರ್) ಮತ್ತು ಅದನ್ನು ನಿರ್ವಹಿಸುವ ಸಿಪ್ಯಾನಲ್. ರೂಟ್ ಪ್ರವೇಶ, ಅಂದರೆ ಸರ್ವರಿನ ಪೂರ್ಣ ಅಧಿಕಾರ, ಇರುವುದಿಲ್ಲ. ಪುಟ ತೆರೆದರೆ 500 ಎರರ್ ಅಥವಾ ಬರೀ ಬಿಳಿ. ದೋಷಗಳು ದಾಖಲಾಗುವ ಲಾಗ್ ನೋಡಿದರೆ ಒಂದು ಸಾಲೂ ಇಲ್ಲ. ಆಗ ಕೋಡ್ ತಿದ್ದಲು ಹೋಗಬಾರದು. ಲಾಗ್ ಬರೆಯಬೇಕಾದ್ದು ಪುಟಗಳನ್ನು ಕಳಿಸುವ ವೆಬ್ ಸರ್ವರ್ ಅಪಾಚೆಯೋ, ಪಿಎಚ್‌ಪಿಯೋ, ಆ ಹಂತದವರೆಗೆ ಪುಟದ ಕೋರಿಕೆ ತಲುಪಿತೋ ಇಲ್ಲವೋ ಎಂಬುದನ್ನು ಮೊದಲು ತಿಳಿಯಬೇಕು.

ಅದಕ್ಕೆ ನಾನು ದೋಷವಿರುವ ಫೋಲ್ಡರಿನಲ್ಲೇ ಮೂರು ಪುಟ್ಟ ಫೈಲು ಇಡುತ್ತೇನೆ. ಮೊದಲನೆಯದು ಬರೀ ಎಚ್‌ಟಿಎಂಎಲ್. ಎರಡನೆಯದು ಒಂದು ಪದ ಮುದ್ರಿಸುವ ಪಿಎಚ್‌ಪಿ. ಮೂರನೆಯದು ಎರರ್_ಲಾಗ್ ಫಂಕ್ಷನ್ನಿನಿಂದ ಒಂದು ಸಾಲು ಬರೆದು, ಆಮೇಲೆ ಇಲ್ಲದ ಫಂಕ್ಷನ್ ಒಂದನ್ನು ಬೇಕೆಂದೇ ಕರೆಯುವಂಥದ್ದು.

ಎಚ್‌ಟಿಎಂಎಲ್ ಕೂಡ 500 ಕೊಟ್ಟರೆ ಪಿಎಚ್‌ಪಿಗೆ ಸಂಬಂಧವೇ ಇಲ್ಲ, ಅಪಾಚೆಗೆ ಆ ಫೋಲ್ಡರಿನ ಸೂಚನೆಗಳನ್ನು ಕೊಡುವ ಡಾಟ್ ಎಚ್‌ಟಿಆಕ್ಸೆಸ್ ಫೈಲು ನೋಡಿ. ಫೈಲ್ ಮ್ಯಾನೇಜರಿನ ಸೆಟ್ಟಿಂಗ್ಸ್‌ನಲ್ಲಿ ಅಡಗಿದ ಫೈಲುಗಳನ್ನು ತೋರಿಸುವ ಆಯ್ಕೆ ಹಾಕದಿದ್ದರೆ ಅದು ಕಣ್ಣಿಗೆ ಬೀಳುವುದಿಲ್ಲ. ಅದರಲ್ಲಿ ಪಿಎಚ್‌ಪಿ_ವ್ಯಾಲ್ಯೂ ಎಂದು ಶುರುವಾಗುವ ಸಾಲು ಇದ್ದು, ಸರ್ವರ್ ಪಿಎಚ್‌ಪಿ-ಎಫ್‌ಪಿಎಂಗೆ (ಪಿಎಚ್‌ಪಿಯನ್ನು ಅಪಾಚೆಯ ಹೊರಗೆ ಪ್ರತ್ಯೇಕವಾಗಿ ನಡೆಸುವ ವ್ಯವಸ್ಥೆ) ಬದಲಾಗಿದ್ದರೆ ಸಾಕು, ಪುಟ ನಿಲ್ಲುತ್ತದೆ. ಆ ಆದೇಶ, ಪಿಎಚ್‌ಪಿಯನ್ನು ಅಪಾಚೆಯೊಳಗೇ ನಡೆಸುವ ಮಾಡ್_ಪಿಎಚ್‌ಪಿ ಇದ್ದಾಗ ಮಾತ್ರ ಅಪಾಚೆಗೆ ಅರ್ಥವಾಗುವಂಥದ್ದು. ಈ ದೂರು ಪಿಎಚ್‌ಪಿ ಲಾಗಿಗೆ ಬರುವುದಿಲ್ಲ; ಸಿಪ್ಯಾನಲ್‌ನ ಮೆಟ್ರಿಕ್ಸ್ ವಿಭಾಗದ ಎರರ್ಸ್ ಪುಟದಲ್ಲಿ, ಅಪಾಚೆಯ ಕೊನೆಯ ಸಾಲುಗಳ ನಡುವೆ ಸಿಗುತ್ತದೆ.

ಎಚ್‌ಟಿಎಂಎಲ್ ಬಂದು ಎರಡನೆಯದು ಬಿದ್ದರೆ ನಾನು ನೋಡುವುದು ಅನುಮತಿಗಳನ್ನು, ಅಂದರೆ ಯಾರು ಓದಬಹುದು, ಯಾರು ತಿದ್ದಬಹುದು ಎಂಬ ಅಂಕಿಗಳನ್ನು. ಫೈಲು 644, ಫೋಲ್ಡರ್ 755 ಇರಬೇಕು. 777 ಅಥವಾ 775 ಇದ್ದರೆ ಸುಪಿಎಚ್‌ಪಿ, ಸುಎಕ್ಸೆಕ್ (ಸ್ಕ್ರಿಪ್ಟನ್ನು ಖಾತೆದಾರನ ಹೆಸರಿನಲ್ಲೇ ನಡೆಸುವ ಕಾವಲು ವ್ಯವಸ್ಥೆಗಳು) ಇರುವ ಸರ್ವರ್ ಫೈಲನ್ನು ನಡೆಸಲು ಒಪ್ಪುವುದೇ ಇಲ್ಲ. ತಡೆದದ್ದು ಸುಎಕ್ಸೆಕ್ ಆದರೆ ಕಾರಣ ಬರೆದಿಟ್ಟಿರುವುದು ಹೋಸ್ಟಿಂಗ್‌ನವರಿಗೆ ಮಾತ್ರ ಕಾಣುವ ಲಾಗಿನಲ್ಲಿ.

ಮೂರನೆಯದು ಬಿದ್ದೂ ಸಾಲು ಕಾಣದಿದ್ದರೆ ಲಾಗ್ ಬೇರೆಲ್ಲೋ ಹೋಗುತ್ತಿದೆ, ಇಲ್ಲವೇ ಬಂದ್ ಆಗಿದೆ. ಪಿಎಚ್‌ಪಿಯ ಎಲ್ಲ ಸೆಟ್ಟಿಂಗ್ ತೋರಿಸುವ ಪಿಎಚ್‌ಪಿಇನ್ಫೋ ಫಂಕ್ಷನ್ನಿನ ಫೈಲು ಒಂದನ್ನು ತೆರೆದು ಲಾಗ್_ಎರರ್ಸ್, ಎರರ್_ಲಾಗ್ ಎರಡರ ಮೌಲ್ಯ ಓದಿ, ಕೂಡಲೇ ಆ ಫೈಲು ಅಳಿಸಿ. ಎಫ್‌ಪಿಎಂ ಇರುವ ಸಿಪ್ಯಾನಲ್‌ನಲ್ಲಿ ಲಾಗ್ ಹೋಮ್ ಫೋಲ್ಡರಿನೊಳಗಿನ ಲಾಗ್ಸ್ ಎಂಬಲ್ಲಿ, ಡೊಮೈನ್ ಹೆಸರಿನ ಫೈಲಿನಲ್ಲಿ ಇರುತ್ತದೆ. ಎಫ್‌ಪಿಎಂ ಇಲ್ಲದಿದ್ದರೆ ಸ್ಕ್ರಿಪ್ಟ್ ಇರುವ ಫೋಲ್ಡರಿನಲ್ಲೇ ಎರರ್_ಲಾಗ್ ಎಂಬ ಫೈಲು ಹುಟ್ಟುವುದು ವಾಡಿಕೆ. ಹಾಗಾಗಿ ಅಡ್ಮಿನ್ ಭಾಗದ ದೋಷ ಮುಖ್ಯ ಫೋಲ್ಡರಿನಲ್ಲಿ ಸಿಗದು. ನೀವೇ ಜಾಗ ಸೂಚಿಸುವುದಾದರೆ ಫೋಲ್ಡರನ್ನು ಮೊದಲೇ ಮಾಡಿಡಿ, ಪಿಎಚ್‌ಪಿ ಅದನ್ನು ಸೃಷ್ಟಿಸುವುದಿಲ್ಲ. ಪಿಎಚ್‌ಪಿ ಸೆಟ್ಟಿಂಗ್ ಬರೆಯುವ ಡಾಟ್ ಯೂಸರ್ ಡಾಟ್ ಐಎನ್‌ಐ ಫೈಲನ್ನು ತಿದ್ದಿದ ತಕ್ಷಣ ಫಲ ಕಾಣದು: ಅದನ್ನು ಮತ್ತೆ ಓದುವ ಅಂತರ ಮೂಲ ಸೆಟ್ಟಿಂಗಿನಲ್ಲಿ 300 ಸೆಕೆಂಡು. ಐದು ನಿಮಿಷ ಕಾಯದೆ ಇನ್ನೊಂದು ಬದಲಾವಣೆ ಮಾಡಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ. ಎಫ್‌ಪಿಎಂ ಪೂಲ್‌ನಲ್ಲಿ (ಹೋಸ್ಟಿಂಗ್‌ನವರ ಕೈಯಲ್ಲಿರುವ ಎಫ್‌ಪಿಎಂ ಸೆಟ್ಟಿಂಗ್) ಅಡ್ಮಿನ್ ಮೌಲ್ಯವಾಗಿ ಹಾಕಿದ್ದನ್ನು ಇಂಥ ಯಾವ ಐಎನ್‌ಐ ಫೈಲಿನಿಂದಲೂ ಬದಲಿಸಲಾಗದು. ಡಿಸ್ಕ್ ಕೋಟಾ ತುಂಬಿದೆಯೇ ಎಂದೂ ನೋಡಿ. ಜಾಗವಿಲ್ಲದಿದ್ದರೆ ಲಾಗ್ ಎಲ್ಲಿ ಬರೆದೀತು?

ಪಾರ್ಸ್ ಎರರ್ (ಕೋಡಿನ ವ್ಯಾಕರಣ ತಪ್ಪು) ಇರುವ ಫೈಲಿನ ಮೇಲ್ಭಾಗದಲ್ಲಿ, ಸೆಟ್ಟಿಂಗ್ ಬದಲಿಸುವ ಐಎನ್‌ಐ_ಸೆಟ್ ಬರೆದು ಪ್ರಯೋಜನವಿಲ್ಲ. ಆ ಫೈಲು ಓಡುವ ಮೊದಲೇ ನಿಂತಿರುತ್ತದೆ. ಬೇರೊಂದು ಫೈಲಿನಲ್ಲಿ ಸೆಟ್ಟಿಂಗ್ ಬರೆದು, ಅಲ್ಲಿಂದ ಇದನ್ನು ಇನ್‌ಕ್ಲೂಡ್ ಮಾಡಬೇಕು. ಹಳೆಯ ಕೋಡಿನಲ್ಲಿ ಸಾಲಿನ ಮುಂದೆ ದೋಷದ ಸೂಚನೆಯನ್ನು ಅಡಗಿಸುವ ಅಟ್ ಚಿಹ್ನೆ (@) ಇದ್ದರೆ ತೆಗೆಯಿರಿ, ಪಿಎಚ್‌ಪಿ 8.0ಕ್ಕಿಂತ ಮೊದಲು ಅದು ಪುಟವನ್ನೇ ನಿಲ್ಲಿಸುವ ಫೇಟಲ್ ಎರರ್‌ಗಳ ಬಾಯಿಯನ್ನೂ ಮುಚ್ಚಿಸುತ್ತಿತ್ತು. ವರ್ಡ್‌ಪ್ರೆಸ್‌ನಲ್ಲಾದರೆ ಡಬ್ಲ್ಯೂಪಿ_ಡಿಬಗ್ ಟ್ರೂ, ಡಬ್ಲ್ಯೂಪಿ_ಡಿಬಗ್_ಡಿಸ್‌ಪ್ಲೇ ಫಾಲ್ಸ್ ಮಾಡಿ, ಡಬ್ಲ್ಯೂಪಿ_ಡಿಬಗ್_ಲಾಗ್‌ಗೆ ಪಬ್ಲಿಕ್_ಎಚ್‌ಟಿಎಂಎಲ್‌ನ (ಜಾಲತಾಣದ ಫೈಲುಗಳಿರುವ ಫೋಲ್ಡರ್) ಹೊರಗಿನ ಪಾತ್ ಕೊಡಿ. ಬರೀ ಟ್ರೂ ಎಂದರೆ ಲಾಗ್ ಹೊರಗಿನವರೂ ಓದಬಹುದಾದ ಫೋಲ್ಡರಿಗೆ ಬೀಳುತ್ತದೆ.

ಇನ್ನೊಂದು ಬಗೆಯಲ್ಲಿ ಪ್ರೊಸೆಸ್ಸನ್ನು ಹೊರಗಿನಿಂದ ಕೊಂದಿರುತ್ತಾರೆ. ಪಿಎಚ್‌ಪಿಯ ಸ್ವಂತ ಮೆಮೊರಿ ಮಿತಿ ಮೀರಿದರೆ ಅದು ಹೇಳಿಯೇ ನಿಲ್ಲುತ್ತದೆ. ಪ್ರತಿ ಖಾತೆಗೆ ಸರ್ವರ್ ಹಾಕುವ ಕ್ಲೌಡ್‌ಲಿನಕ್ಸ್ ಮಿತಿಯಿಂದಲೋ ಎಫ್‌ಪಿಎಂನ ಸಮಯ ಮಿತಿಯಿಂದಲೋ ಸತ್ತರೆ ಹೇಳಲು ಅದಕ್ಕೆ ಅವಕಾಶವೇ ಇಲ್ಲ. ರಿಸೋರ್ಸ್ ಯೂಸೇಜ್ ಪುಟದ ಫಾಲ್ಟ್ಸ್ ಅಂಕಣ ನೋಡಿ, ಕೋಡಿನ ನಡುನಡುವೆ ಎರರ್_ಲಾಗ್ ಸಾಲುಗಳನ್ನು ನೆಟ್ಟು ಕೊನೆಗೆ ಬಂದ ಸಾಲು ಯಾವುದೆಂದು ಹಿಡಿಯಬೇಕು. ಪಿಎಚ್‌ಪಿಯದೇ ಸಮಯ ಮಿತಿಯಾದ ಮ್ಯಾಕ್ಸ್_ಎಕ್ಸಿಕ್ಯೂಷನ್_ಟೈಮ್ ಹೆಚ್ಚಿಸುವುದರಿಂದ ಇಲ್ಲಿ ಹೆಚ್ಚೇನೂ ಆಗದು. ಲಿನಕ್ಸ್‌ನಲ್ಲಿ ಡೇಟಾಬೇಸಿಗಾಗಿ ಕಾದ ಸಮಯ ಆ ಲೆಕ್ಕಕ್ಕೇ ಸೇರುವುದಿಲ್ಲ.

ಕನ್ನಡ, ಮಲಯಾಳ ಎರಡೂ ಇರುವ ನಮ್ಮ ಕಡೆಯ ತಾಣಗಳಲ್ಲಿ ಮಾತ್ರ ಎಷ್ಟು ಹುಡುಕಿದರೂ ಲಾಗಿನಲ್ಲಿ ಸಿಗದ ದೋಷ ಒಂದಿದೆ, ಯಾಕೆಂದರೆ ಪಿಎಚ್‌ಪಿಯ ಪ್ರಕಾರ ಅಲ್ಲಿ ದೋಷವೇ ಇಲ್ಲ. ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಈ ಎರಡೂ ಲಿಪಿಗಳ ಪ್ರತಿಯೊಂದು ಸಂಕೇತಕ್ಕೂ (ಅಕ್ಷರ, ಒತ್ತು, ಸ್ವರಚಿಹ್ನೆಗಳಿಗೆ ಬೇರೆಬೇರೆ ಸಂಕೇತ) 3 ಬೈಟ್. 'ಸ್ತ್ರೀ' ಎಂಬುದರಲ್ಲಿ 6 ಸಂಕೇತ, 18 ಬೈಟ್. ಜಾತ್ರೆಯ ಸುದ್ದಿಯ ಮೊದಲ ನೂರು ಅಕ್ಷರ ತೋರಿಸೋಣವೆಂದು, ಪಠ್ಯ ಕತ್ತರಿಸುವ ಸಬ್‌ಸ್ಟ್ರ್ ಫಂಕ್ಷನ್ ಬಳಸಿದರೆ ಅದು ಬೈಟ್ ಎಣಿಸಿ, ಸಂಕೇತದ ನಡುವೆಯೇ ಕತ್ತರಿಸಬಹುದು. ಆ ಮುರುಕು ಪಠ್ಯವನ್ನು, ಮಾಹಿತಿಯನ್ನು ಜೇಸನ್ ರೂಪಕ್ಕೆ ತರುವ ಜೇಸನ್_ಎನ್‌ಕೋಡ್‌ಗೆ ಕೊಟ್ಟರೆ ಸಿಗುವುದು ಫಾಲ್ಸ್. ಉತ್ತರ ಖಾಲಿ, ಸ್ಟೇಟಸ್ 200 (ಎಲ್ಲ ಸರಿ ಎಂಬ ಸಂಕೇತ), ಲಾಗ್ ಶುಭ್ರ. ವಿಶೇಷ ಚಿಹ್ನೆಗಳನ್ನು ಪುಟಕ್ಕೆ ಹೊಂದಿಸಿ ಬರೆಯುವ ಎಚ್‌ಟಿಎಂಎಲ್‌ಸ್ಪೆಷಲ್‌ಚಾರ್ಸ್ ಕೂಡ ಪಿಎಚ್‌ಪಿ 8.1ರ ಮೊದಲು, ಬೇರೆ ಸೂಚನೆ ಕೊಡದಿದ್ದರೆ, ಇಂಥ ಪಠ್ಯಕ್ಕೆ ಖಾಲಿ ಸ್ಟ್ರಿಂಗ್ ಮರಳಿಸುತ್ತಿತ್ತು. ಸಬ್‌ಸ್ಟ್ರ್ ಬದಲು, ಬೈಟ್ ಅಲ್ಲದೆ ಸಂಕೇತ ಎಣಿಸುವ ಎಂಬಿ_ಸಬ್‌ಸ್ಟ್ರ್ ಬಳಸಿ, ಆಮೇಲೆ ಕೊನೆಯ ಖಾಲಿ ಜಾಗದವರೆಗೆ ಹಿಂದೆ ಸರಿದು ಕತ್ತರಿಸಿ. ಇಲ್ಲದಿದ್ದರೆ ಒತ್ತಕ್ಷರ ಒಡೆದು ಕಾಣುತ್ತದೆ. ಜೇಸನ್_ಎನ್‌ಕೋಡ್‌ಗೆ ಜೇಸನ್_ಥ್ರೋ_ಆನ್_ಎರರ್ (ತಪ್ಪಾದರೆ ಸುಮ್ಮನಿರದೆ ದೋಷ ಎಸೆಯುವ ಆಯ್ಕೆ) ಕೊಡುವ ರೂಢಿ ಇಟ್ಟುಕೊಳ್ಳಿ, ಪಿಎಚ್‌ಪಿ 7.3ರಿಂದ ಇದೆ. ಪಿಎಚ್‌ಪಿ ಆವೃತ್ತಿ ಬದಲಿಸಿದಾಗ, ಎಂಬಿ_ಸಬ್‌ಸ್ಟ್ರ್‌ಗೆ ಬೇಕಾದ ಎಂಬಿಸ್ಟ್ರಿಂಗ್ ಎಕ್ಸ್‌ಟೆನ್ಷನ್ ಹೊಸದರಲ್ಲೂ ಇದೆಯೇ ನೋಡಿ.

ಇಷ್ಟರಲ್ಲೂ ಸಿಗದಿದ್ದರೆ ಸಪೋರ್ಟಿಗೆ ಬರೆಯುತ್ತೇನೆ. 'ಸೈಟ್ ತೆರೆಯುತ್ತಿಲ್ಲ' ಎಂದಷ್ಟೇ ಅಲ್ಲ. ಪುಟದ ಪೂರ್ತಿ ವಿಳಾಸ, ನನ್ನ ಐಪಿ, ನಡೆದ ಸಮಯ ಮೂರನ್ನೂ ಕೊಟ್ಟು, ಸುಎಕ್ಸೆಕ್ ಲಾಗ್ ಮತ್ತು ಎಫ್‌ಪಿಎಂ ಲಾಗಿನ ಆ ನಿಮಿಷದ ಸಾಲುಗಳನ್ನು ಹೆಸರಿಸಿ ಕೇಳುತ್ತೇನೆ. ಸರ್ವರ್ ಯುಟಿಸಿಯಲ್ಲಿದ್ದರೆ ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದಿರುತ್ತದೆ, ಆದ್ದರಿಂದ ಎರಡೂ ಸಮಯ ಬರೆಯುವುದು ಒಳ್ಳೆಯದು.