ಮನೆಯಲ್ಲೇ ಮಾಡಿದ ಅಕ್ವೇರಿಯಂ ಸ್ಟ್ಯಾಂಡ್ ವಾಲಾಡುತ್ತಿತ್ತು, ಸರಿಹೋದದ್ದು ಹೀಗೆ

2 ಅಡಿ ಉದ್ದ, 1 ಅಡಿ ಅಗಲ, 1 ಅಡಿ ಎತ್ತರದ ತೊಟ್ಟಿಗೆ ಸುಮಾರು 55 ಲೀಟರ್ ನೀರು. ಗಾಜು, ಮಣ್ಣು, ಕಲ್ಲು ಸೇರಿ 70 ಕೆಜಿ ದಾಟುತ್ತದೆ. ತುಂಬಿಸಿದ ಮೇಲೆ ಎಡಮೂಲೆ ತಗ್ಗಿ ಅಲ್ಲಿ ನೀರು 4 ಮಿ.ಮೀ. ಏರಿತ್ತು, ಕೈಯಿಟ್ಟರೆ ಸ್ಟ್ಯಾಂಡ್ ಪಕ್ಕಕ್ಕೆ ವಾಲುತ್ತಿತ್ತು.

ಮೇಲಿನ ಚೌಕಟ್ಟು ಕಾಲುಗಳ ತಲೆಯ ಮೇಲೆ ಕೂತಿರಲಿಲ್ಲ, ಪಕ್ಕದ ಸ್ಕ್ರೂಗಳಿಗೆ ಜೋತುಬಿದ್ದಿತ್ತು. ಭಾರ ಹೊರಬೇಕಾದ್ದು ಮರ, ಸ್ಕ್ರೂ ಅಲ್ಲ. ಮೀನು, ಗಿಡಗಳನ್ನು ಹಳೇ ನೀರಿನ ಬಕೆಟ್ಟಿಗೆ ಹಾಕಿ (ಫಿಲ್ಟರ್ ಸ್ಪಂಜೂ ಅಲ್ಲೇ, ಒಣಗಿದರೆ ನೀರು ಶುದ್ಧವಾಗಿಡುವ ಬ್ಯಾಕ್ಟೀರಿಯಾ ಸಾಯುತ್ತವೆ) ತೊಟ್ಟಿ ಪೂರ್ತಿ ಖಾಲಿ ಮಾಡಿ ಇಳಿಸಿದೆ. ಚೌಕಟ್ಟಿನಡಿ ನಾಲ್ಕೂ ಮೂಲೆಗೆ ಮರದ ಆಸರೆ ಕಾಲು ಕೊಟ್ಟು, ಹಿಂಬದಿಗೆ 12 ಮಿ.ಮೀ. ಪ್ಲೈವುಡ್ ಬಡಿದೆ. ವಾಲಾಟ ಅಲ್ಲಿಗೇ ನಿಂತಿತು.

ರಸಮಟ್ಟ (ಸ್ಪಿರಿಟ್ ಲೆವೆಲ್) ಇಟ್ಟು ಸ್ಟ್ಯಾಂಡಿನ ಕಾಲಡಿಗೆ ಚಕ್ಕೆ ಕೊಡಿ. ಗಾಜಿನಡಿಗೆ ಮಾತ್ರ ಬೇಡ, ಬಿರುಕು ಅಲ್ಲೇ ಹುಟ್ಟುವುದು. ಫ್ರೇಮಿಲ್ಲದ ತೊಟ್ಟಿಯಡಿ 10 ಮಿ.ಮೀ. ಥರ್ಮೋಕೋಲ್ ಸಾಕು.