ವಯಸ್ಕರಿಗೆ ಕಾನೂನು ಪಾಲಕರು: ಯಾವಾಗ ಬೇಕು, ಎಲ್ಲಿ ಅರ್ಜಿ ಹಾಕಬೇಕು

ಮಕ್ಕಳಿಗೆ 18 ತುಂಬಿದ ದಿನ ತಂದೆ-ತಾಯಿಯ ಸಹಜ ಪಾಲಕತ್ವ, ಅಂದರೆ ಮಕ್ಕಳ ಪರವಾಗಿ ತೀರ್ಮಾನಿಸುವ ಕಾನೂನು ಅಧಿಕಾರ, ಮುಗಿಯುತ್ತದೆ. ಬೌದ್ಧಿಕ ವಿಕಲತೆ ಇರುವ ಮಕ್ಕಳ ಮನೆಯಲ್ಲಿ ಇದು ಅರಿವಿಗೆ ಬರುವುದು ಸಾಮಾನ್ಯವಾಗಿ ತಡವಾಗಿ: ಬ್ಯಾಂಕಿನಲ್ಲಿ ಸಹಿ ಕೇಳಿದಾಗ, ತಂದೆ ತೀರಿಕೊಂಡು ಜಮೀನನ್ನು ವಾರಸುದಾರರ ಹೆಸರಿಗೆ ಪೌತಿ ಖಾತೆ ಮಾಡಿಸುವಾಗ.

ಮೊದಲು ಕೇಳಿಕೊಳ್ಳಬೇಕಾದ್ದು, ಪಾಲಕರಿಲ್ಲದೆ ನಿಂತಿರುವ ಕೆಲಸ ಯಾವುದು ಎಂದು. ಕಣ್ಣು ಕಾಣದವರಿಗಾಗಲಿ, ಹಾಸಿಗೆ ಹಿಡಿದರೂ ಬುದ್ಧಿ ಚುರುಕಾಗಿರುವವರಿಗಾಗಲಿ ಪಾಲಕರು ಬೇಕಿಲ್ಲ. ಸಹಿ ಮಾಡಲಾಗದ ಖಾತೆದಾರರು ಹೆಬ್ಬೆಟ್ಟು ಒತ್ತಿ ಹಣ ತೆಗೆಯಲು ರಿಸರ್ವ್ ಬ್ಯಾಂಕಿನ ನಿಯಮದಲ್ಲೇ ಅವಕಾಶವಿದೆ. ಬ್ಯಾಂಕಿಗೆ ಪರಿಚಯವಿರುವ ಇಬ್ಬರು ಸಾಕ್ಷಿಗಳಿರಬೇಕು, ಒಬ್ಬರು ಬ್ಯಾಂಕ್ ಅಧಿಕಾರಿಯೇ ಆಗಿರಬೇಕು. ನಿಧಾನವಾಗಿ ವಿವರಿಸಿದರೆ ಅರ್ಥಮಾಡಿಕೊಂಡು ತೀರ್ಮಾನಿಸಬಲ್ಲವರ ಹಕ್ಕನ್ನು ಅನುಕೂಲಕ್ಕಾಗಿ ಇನ್ನೊಬ್ಬರ ಕೈಗೆ ಕೊಡುವುದು ಅನ್ಯಾಯ.

ತನ್ನ ಪರವಾಗಿ ವ್ಯವಹರಿಸಲು ಇನ್ನೊಬ್ಬರಿಗೆ ಬರೆದುಕೊಡುವ ಅಧಿಕಾರ ಪತ್ರ (ಜಿಪಿಎ) ಇದ್ದರೆ ಸಾಕು ಎಂಬ ನಂಬಿಕೆ ಹಲವರನ್ನು ಕೆಡಿಸಿದೆ. ಬರೆದುಕೊಟ್ಟವರ ಬುದ್ಧಿ ಸ್ವಾಧೀನ ತಪ್ಪಿದರೆ ಅದೂ ಅಲ್ಲಿಗೇ ರದ್ದು; ಭಾರತೀಯ ಕರಾರು ಕಾಯ್ದೆಯ 201ನೇ ಸೆಕ್ಷನ್ ಹೇಳುವುದು ಅದನ್ನೇ. ಏನೂ ತಿಳಿಯದ ತಮ್ಮನಿಂದ ಹಕ್ಕು ಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡರೂ ಆ ಪತ್ರ ಊರ್ಜಿತವಾಗುವುದಿಲ್ಲ.

ಸ್ಥಳೀಯ ಮಟ್ಟದ ಸಮಿತಿ

ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವಿಕಲತೆ, ಬಹುವಿಕಲತೆ: ಈ ನಾಲ್ಕಕ್ಕೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಇದೆ. ಕೋರ್ಟಿಗೆ ಹೋಗಬೇಕಿಲ್ಲ. ಜಿಲ್ಲಾಧಿಕಾರಿ, ನೋಂದಾಯಿತ ಸಂಸ್ಥೆಯ ಪ್ರತಿನಿಧಿ, ಒಬ್ಬ ಅಂಗವಿಕಲ ವ್ಯಕ್ತಿ ಇರುವ ಸ್ಥಳೀಯ ಮಟ್ಟದ ಸಮಿತಿಯೇ ಪಾಲಕರನ್ನು ನೇಮಿಸುತ್ತದೆ.

ಮೊದಲು ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಇಲ್ಲವೇ ಅಂಗವೈಕಲ್ಯ ಪ್ರಮಾಣಪತ್ರ ಮಾಡಿಸಿ. ಅದಿಲ್ಲದೆ ಅರ್ಜಿ ಮುಂದೆ ಸಾಗುವುದಿಲ್ಲ. ನಂತರ ನಮೂನೆ ‘ಎ’ ಭರ್ತಿ ಮಾಡಿ, ವಯಸ್ಸಿನ ದಾಖಲೆ ಜೊತೆಗಿಟ್ಟು ಸಲ್ಲಿಸಿ. ಪಾಲಕತ್ವ ಯಾವ ಉದ್ದೇಶಕ್ಕೆ ಎಂಬುದನ್ನು ಸಮಿತಿ ಪರಿಶೀಲಿಸುತ್ತದೆ. ಆದ್ದರಿಂದ ‘ಆರೈಕೆಗೆ’ ಎಂದಷ್ಟೇ ಬರೆದು ಬಿಡಬೇಡಿ. ಬ್ಯಾಂಕ್ ಖಾತೆ, ಕುಟುಂಬ ಪಿಂಚಣಿ, ಜಮೀನಿನ ಪಾಲು ಇದ್ದರೆ ಒಂದೊಂದನ್ನೂ ಹೆಸರಿಸಿ. ಹೆಣ್ಣುಮಗಳಿಗೆ ಒಂಟಿ ಗಂಡಸನ್ನು ಪಾಲಕನನ್ನಾಗಿ ಮಾಡುವುದಿಲ್ಲ. ಅಣ್ಣನ ಜೊತೆ ಅತ್ತಿಗೆಯ ಹೆಸರೂ ಬೇಕು.

ಆದೇಶ ಕೈಗೆ ಬಂದ ಮೇಲಿನ ಕೆಲಸವನ್ನು ಹೆಚ್ಚಿನವರು ಮರೆಯುತ್ತಾರೆ. 6 ತಿಂಗಳೊಳಗೆ ಪಾಲನೆಯಲ್ಲಿರುವವರ ಆಸ್ತಿ, ಒಡವೆ, ಠೇವಣಿ, ಸಾಲ ಎಲ್ಲದರ ಪಟ್ಟಿ ಸಲ್ಲಿಸಬೇಕು. ಪ್ರತಿ ಹಣಕಾಸು ವರ್ಷ ಮುಗಿದ 3 ತಿಂಗಳೊಳಗೆ ಲೆಕ್ಕ ಕೊಡಬೇಕು. ಹಾಗಾಗಿ ಅವರ ಹಣಕ್ಕೆ ಬೇರೆ ಖಾತೆಯನ್ನೇ ಇಡಿ, ಔಷಧಿಯ ಬಿಲ್ಲನ್ನೂ ಎಸೆಯಬೇಡಿ. ಪಾಲಕರು ನಿರ್ಲಕ್ಷ್ಯ ಮಾಡಿದರೆ, ಹಣ ನುಂಗಿದರೆ ಬಂಧುಗಳೇ ದೂರು ಕೊಟ್ಟು ಅವರನ್ನು ತೆಗೆಸಬಹುದು.

ಮರೆವಿನ ಕಾಯಿಲೆ, ಕೋಮಾ

ಇಲ್ಲಿ ದಾರಿ ಕಷ್ಟದ್ದು. 1987ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಜಿಲ್ಲಾ ಕೋರ್ಟ್ ಆಸ್ತಿಗೆ ವ್ಯವಸ್ಥಾಪಕರನ್ನು ನೇಮಿಸಬಹುದಿತ್ತು. 2017ರ ಹೊಸ ಕಾಯ್ದೆಯಲ್ಲಿ ಆ ಭಾಗವೇ ಇಲ್ಲ. ಅದರಲ್ಲಿರುವ ‘ನಾಮನಿರ್ದೇಶಿತ ಪ್ರತಿನಿಧಿ’ಗೆ ಮಾನಸಿಕ ಚಿಕಿತ್ಸೆಯ ವಿಷಯದಲ್ಲಿ ಮಾತ್ರ ಅಧಿಕಾರ, ಆಸ್ತಿಯ ಮೇಲಿಲ್ಲ. ಹೀಗಾಗಿ ಕುಟುಂಬಗಳು ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿಗೆ ರಿಟ್ ಹಾಕುತ್ತಿವೆ. ಕೋಮಾದಲ್ಲಿರುವವರ ಬಗ್ಗೆ ಕೇರಳ ಹೈಕೋರ್ಟ್ 2019ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ ವೈದ್ಯಕೀಯ ಮಂಡಳಿಯ ವರದಿ, ಕಂದಾಯ ಅಧಿಕಾರಿಯ ವಿಚಾರಣೆ, ಎಲ್ಲ ವಾರಸುದಾರರ ವಿವರ, 6 ತಿಂಗಳಿಗೊಮ್ಮೆ ವರದಿ ಇವೆಲ್ಲ ಇವೆ. ಅಂಥ ಅರ್ಜಿಗೆ ಒಬ್ಬ ಮಗಳ ಒಪ್ಪಿಗೆ ತಪ್ಪಿದರೂ ವರ್ಷಗಟ್ಟಲೆ ಎಳೆಯಬಹುದು. ಮನೆಯವರೆಲ್ಲ ಕೂತು ಮಾತಾಡಿಯೇ ವಕೀಲರ ಬಳಿ ಹೋಗಿ.

ಅಮ್ಮನಿಗೆ ಮರೆವು ಈಗಷ್ಟೇ ಶುರುವಾಗಿದ್ದರೆ ಇನ್ನೂ ಸಮಯವಿದೆ. ವಿಲ್ ಬರೆಸಿ, ಅರಿವಿನಿಂದ ಬರೆದಿದ್ದಾರೆ ಎಂಬ ವೈದ್ಯರ ಪತ್ರ ಅದೇ ದಿನ ಪಡೆಯಿರಿ. ಖಾತೆಗಳನ್ನು ಜಂಟಿ ಮಾಡಿಸಿ, ನಾಮಿನಿ ಹೆಸರು ಸರಿಯಿದೆಯೇ ನೋಡಿ. ತಾನು ಎಲ್ಲಿರಬೇಕು, ಯಾರ ಜೊತೆಗಿರಬೇಕು ಎಂದು ಅಮ್ಮನನ್ನೇ ಕೇಳಿ ಬರೆದಿಡಿ.

ಇತರ ಅಂಗವಿಕಲರು ನೆರವು ಕೊಟ್ಟರೂ ತೀರ್ಮಾನಿಸಲಾರದ ಸ್ಥಿತಿಯಲ್ಲಿದ್ದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 14ನೇ ಸೆಕ್ಷನ್‌ನಡಿ ಜಿಲ್ಲಾ ಕೋರ್ಟ್ ಅಥವಾ ಸರ್ಕಾರ ಗೊತ್ತುಪಡಿಸಿದ ಪ್ರಾಧಿಕಾರದಿಂದ ಸೀಮಿತ ಪಾಲಕತ್ವ ಪಡೆಯಬಹುದು. ಅದು ನಿರ್ದಿಷ್ಟ ಅವಧಿಗೆ, ನಿರ್ದಿಷ್ಟ ತೀರ್ಮಾನಕ್ಕೆ ಮಾತ್ರ, ಮತ್ತು ಅವರ ಇಚ್ಛೆಗೆ ಅನುಗುಣವಾಗಿಯೇ ನಡೆಯಬೇಕು.